ಪಂಜೆಯವರ ಹಾವನ್ನು ಅರ್ಧಕ್ಕೇ ಬಿಲಕ್ಕೆ ಕಳಿಸಬೇಡಿ

ಮಾನ್ಯರೇ,

ಮಕ್ಕಳ ದಿನಾಚರಣೆ ಬಂತೆಂದರೆ ಶಾಲೆಯ ವೇದಿಕೆಗಳಲ್ಲಿ ಪಂಜೆ ಮಂಗೇಶರಾಯರ ‘ನಾಗರ ಹಾವೆ’ ಪದ್ಯ ಹೆಡೆ ಎತ್ತುತ್ತದೆ. ಆದರೆ ಎಷ್ಟೋ ಕಡೆ ಮೊದಲ ನುಡಿ, ಅಂದರೆ ಮೊದಲ ನಾಲ್ಕು ಸಾಲು, ಮುಗಿಯುತ್ತಲೇ ಚಪ್ಪಾಳೆ ಬಿದ್ದು ಹಾವು ಬಿಲ ಸೇರಿಬಿಡುತ್ತದೆ. ದಯವಿಟ್ಟು ನಾಲ್ಕೂ ನುಡಿ ಹಾಡಿಸಿ.

ನುಡಿಗಳ ಕೊನೆಯ ಸಾಲುಗಳನ್ನು ನೋಡಿ: ಒಂದರಲ್ಲಿ ಬರೀ ‘ಬಾ’, ಇನ್ನೊಂದರಲ್ಲಿ ‘ನೀ’, ಆಮೇಲೆ ‘ತಾ’, ಕಡೆಗೆ ‘ಪೋ’. ಹಾಲು ಕೊಡುತ್ತೇನೆಂದು ಕರೆಯುವ ಮಗು ಕೊಳಲೂದುತ್ತದೆ, ಹೊನ್ನು ಕೇಳುತ್ತದೆ, ಕೊನೆಗೆ ನಮಸ್ಕಾರ ಹಾಕಿ ಸಾಗಹಾಕುತ್ತದೆ. ಮೊದಲ ನುಡಿಗೇ ನಿಲ್ಲಿಸಿದರೆ ಹಾವನ್ನು ಮನೆಗೆ ಕರೆದು ಬಾಗಿಲು ಹಾಕಿಕೊಂಡಂತಾಯಿತು!

ಹಾಡಿಸುವಾಗ ಎಡವುವುದೂ ಈ ಕೊನೆಯ ಸಾಲಿನಲ್ಲೇ. ಪದ್ಯದ ನಡೆ ನಾಲ್ಕು ಮಾತ್ರೆಯದು (ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಎಳೆದದ್ದಕ್ಕೆ ಎರಡು). ನಾಲ್ಕು ಮಾತ್ರೆಯ ಗುಂಪೇ ಗಣ, ಸಾಲಿಗೆ ನಾಲ್ಕು ಗಣ. ಒಂದು ಗಣಕ್ಕೆ ಒಂದು ತಟ್ಟು. ‘ಬಾ’ ಎಂಟು ಸಲ ಬರುತ್ತದೆ, ಅಂದರೆ ತಟ್ಟಿಗೆ ಎರಡು. ಮಕ್ಕಳು ಒಂದೇ ಉಸಿರಿಗೆ ಕಿರುಚಿದರೆ ಆರೋ ಹತ್ತೋ ಆಗಿ ತಾಳ ತಪ್ಪುತ್ತದೆ. ಇನ್ನೊಂದು ತೊಡಕು ಅಚ್ಚಿನದು. ‘ಹಾವೆ’, ‘ಹೂವೆ’ ಎಂದು ಅಕ್ಷರಕ್ಕೆ ಅಕ್ಷರ ಓದಿದರೆ ಮೂರೇ ಮಾತ್ರೆ. ‘ಹಾವೇ’ ಎಂದು ಎಳೆದರೆ ಮಾತ್ರ ನಾಲ್ಕು ತುಂಬುತ್ತದೆ. ಆದ್ದರಿಂದ ಕರಿಹಲಗೆಯ ಮೇಲೆ ಬರೆಯುವ ಮೊದಲು ಮೂರು ನಾಲ್ಕು ಸಲ ಬಾಯಲ್ಲಿ ಹೇಳಿಸಿ. ‘ಠಾವು’ ಎಂದರೆ ನೆಲೆ ಎಂಬುದನ್ನು ಆಮೇಲೆ ಹೇಳಿದರಾಯಿತು, ಅಷ್ಟರಲ್ಲಿ ಮಕ್ಕಳೇ ಕೇಳಿರುತ್ತಾರೆ. ‘ಪೋ’ ಸಾಲಿಗೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ದನಿ ಇಳಿಸಿದರೆ ಅಭಿನಯ ತಾನಾಗಿಯೇ ಬರುತ್ತದೆ.

ಇಂಥ ಕಟ್ಟು ತರಗತಿಯನ್ನು ಬಲ್ಲವರಿಗೆ ಮಾತ್ರ ಸಿದ್ಧಿಸುವಂಥದ್ದು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರು ಮಂಗಳೂರಿನಲ್ಲಿ ಕನ್ನಡ ಕಲಿಸಿದರು, ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ಸುತ್ತಿದರು, ಕೊಡಗಿನಲ್ಲೂ ಶಿಕ್ಷಣದ ಕೆಲಸ ಮಾಡಿದರು. ಅಲ್ಲಿನ ಸುಗ್ಗಿ ಹಬ್ಬದ ಹೆಸರು ಹೊತ್ತ ‘ಹುತ್ತರಿಯ ಹಾಡು’ ಆ ನೆಲದ ಫಲ. ಮಕ್ಕಳ ಪುಸ್ತಕಗಳಿಗೆಂದೇ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗಲೂ ಅವರ ಕಾವ್ಯನಾಮ ‘ಕವಿಶಿಷ್ಯ’ವೇ. 1937ರಲ್ಲಿ ತೀರಿಕೊಂಡರು.

ಅವರ ಕಥೆಗಳನ್ನು ‘ಸರಳ’ಗೊಳಿಸುವವರಿಗೂ ಒಂದು ಮಾತು. ‘ಸಿಗಡಿ ಯಾಕೆ ಒಣಗಲಿಲ್ಲ?’ (ಸಿಗಡಿ ಎಂದರೆ ಚಿಪ್ಪಿರುವ ಸಣ್ಣ ಜಲಚರ) ಕಥೆಯ ಜೀವ ಇರುವುದು ಸರಪಳಿಯಲ್ಲಿ: ಒಂದು ಪ್ರಶ್ನೆಗೆ ಬಂದ ಉತ್ತರದಿಂದಲೇ ಮುಂದಿನ ಪ್ರಶ್ನೆ. ಪುಟ ಉಳಿಸಲೆಂದು ನಡುವಿನ ಒಂದು ಕೊಂಡಿ ಕಳಚಿದರೂ ಮಗು ಮುಂದಿನದನ್ನು ಊಹಿಸಲಾರದು, ಊಹಿಸುವುದೇ ಅಲ್ಲಿನ ಆಟ. ಘಟ್ಟದ ಮೇಲಿನ ಮಕ್ಕಳಿಗೆ ತಿಳಿಯದೆಂದು ‘ಸಿಗಡಿ’ಯನ್ನು ‘ಮೀನು’ ಮಾಡುವುದೂ ಬೇಡ. ಅಂಗೈಯಷ್ಟು ಚಿತ್ರವೊಂದು ಸಾಕು.

ಪಠ್ಯ, ಗೋಡೆಚಿತ್ರ, ವಿಡಿಯೊ ಏನೇ ಮಾಡಿದರೂ ಕವಿಯ ಹೆಸರು ಹಾಕಿ. ‘ಬಾ’ಗಳನ್ನು ಎರಡೆರಡರಂತೆ ಜಾಗ ಬಿಟ್ಟು ಅಚ್ಚು ಮಾಡಿದರೆ ತಾಳ ಕಣ್ಣಿಗೇ ಕಾಣುತ್ತದೆ.

– ಕೆಲವು ಪ್ರಾಥಮಿಕ ಶಾಲಾ ಕನ್ನಡ ಶಿಕ್ಷಕರು