ಮಂಟಪ ನೋಡಿ ಹೊರಡುವ ಊರಲ್ಲ ಅದು

ಪ್ರಿಯ ಗೆಳೆಯಾ,

ಚಂಡಮಾರುತ ಅಮೆರಿಕದ ಫ್ಲೋರಿಡಾದಲ್ಲಿರುವ ನಿನ್ನ ಟ್ಯಾಂಪಾ ಕಡೆ ತಿರುಗಬಹುದಂತೆ. ನೀನು ನೋಡಿದರೆ ‘ಇನ್ನೂ ಮೂರು ದಿನ ಇದೆ, ನೋಡೋಣ’ ಎಂದು ಬರೆದಿದ್ದೀಯ. ಈ ‘ನೋಡೋಣ’ ಅಪ್ಪಟ ಶಿವಮೊಗ್ಗದ್ದು. ಗಾಜನೂರು ಅಣೆಕಟ್ಟೆಯಲ್ಲಿ ಗೇಟು ಎತ್ತಿದ ಸುದ್ದಿ ಬಂದರೆ ಇಲ್ಲಿ ಈಗಲೂ ತುಂಗಾ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ, ಕೊಡೆ ಹಿಡಿದು, ಕೋರ್ಪಲಯ್ಯನ ಛತ್ರದ ಮಂಟಪವನ್ನು ಇಣುಕಿ ನೋಡುತ್ತಾರೆ. ಕಂಬ ಮುಳುಗಿತೇ, ಚಾವಣಿ ಕಾಣುತ್ತಿದೆಯೇ? ತಗ್ಗಿನ ಬೀದಿಯವರಿಗೆ ಫೋನ್ ಹೋಗುತ್ತದೆ, ಅಕ್ಕಿ ಚೀಲ ಅಟ್ಟ ಏರುತ್ತದೆ. ಇಷ್ಟಿದ್ದೂ 2019ರ ಆಗಸ್ಟ್‌ನಲ್ಲಿ ಬಡಾವಣೆಗಳಿಗೆ ನೀರು ನುಗ್ಗಿತು. ಆದರೂ ನದಿ ಏರುವುದು ಕಣ್ಣಿಗೆ ಕಾಣುತ್ತದೆ. ಗಾಳಿ ದಡಕ್ಕೆ ದೂಡುವ ಸಮುದ್ರದ ನೀರು ನಿನ್ನ ಕಣ್ಣಿಗೆ ಬೀಳುವ ಹೊತ್ತಿಗೆ, ನೀನು ಹೊರಡಬೇಕಾದ ರಸ್ತೆಯೂ ಅದರಡಿ ಹೋಗಿರುತ್ತದೆ.

ಚಂಡಮಾರುತದ ಕೆಟಗರಿ, ಅಂದರೆ 1ರಿಂದ 5ರವರೆಗಿನ ದರ್ಜೆ, ಎಷ್ಟೆಂದು ವಿಚಾರಿಸುತ್ತಾ ಕೂರಬೇಡ. ಆ ಅಂಕಿ ಹೇಳುವುದು ಗಾಳಿಯ ವೇಗವನ್ನಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ, ನೀನು ಅಲ್ಲಿಗೆ ಹೋಗುವ ಮುಂಚೆ, ಹೆಲೀನ್ ಚಂಡಮಾರುತ ದಡ ಮುಟ್ಟಿದ್ದು ಬಹಳ ದೂರ ಉತ್ತರದಲ್ಲಿ. ಆದರೂ ಟ್ಯಾಂಪಾ ಕೊಲ್ಲಿಯ ಅಂಚಿನ ಮನೆಗಳಿಗೆ ಸಮುದ್ರದ ನೀರು ನುಗ್ಗಿತು. 2022ರ ಇಯಾನ್ ನಿಮ್ಮ ಕಡೆಗೇ ಬರುವಂತಿದ್ದದ್ದು ದಕ್ಷಿಣಕ್ಕೆ ಸರಿದು ಫೋರ್ಟ್ ಮೈಯರ್ಸ್ ಭಾಗಕ್ಕೆ ಅಪ್ಪಳಿಸಿತು. ಆ ಲೀ ಕೌಂಟಿಯಲ್ಲಿ ತೆರವಿನ ಆದೇಶ ಹೊರಟಿದ್ದು ಹಿಂದಿನ ದಿನವಷ್ಟೇ. ನಿನ್ನ ಮನೆ ಇರುವುದು ಎ ವಲಯದಲ್ಲಿ, ಅಂದರೆ ಎಲ್ಲರಿಗಿಂತ ಮೊದಲು ತೆರವಾಗಬೇಕಾದ ತಗ್ಗಿನ ಭಾಗದಲ್ಲಿ. ಎ ವಲಯಕ್ಕೆ ಆದೇಶ ಬಂದ ಗಂಟೆಗೇ ಹೊರಡುತ್ತೇನೆ ಎಂದು ಇವತ್ತೇ ತೀರ್ಮಾನಿಸು. ಅದೇ ನಿನ್ನ ಮಂಟಪ. ಆಮೇಲೆ ಮರುವಿಚಾರ ಬೇಡ.

ಹಾಗೆಂದು ಪಕ್ಕದ ಜಾರ್ಜಿಯಾ ರಾಜ್ಯದವರೆಗೆ ಓಡಬೇಕಿಲ್ಲ. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಟೆಕ್ಸಾಸ್‌ನ ಹ್ಯೂಸ್ಟನ್ ಸುತ್ತಲಿನ ಲಕ್ಷಾಂತರ ಜನ ಒಮ್ಮೆಲೇ ರಸ್ತೆಗಿಳಿದರು. ಉರಿಬಿಸಿಲಲ್ಲಿ ವಾಹನಗಳು ನಿಂತಲ್ಲೇ ನಿಂತವು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಜನ ತೀರಿಕೊಂಡರು. ನೀರಿನ ವಲಯ ದಾಟಿದ ಮೇಲೆ ಒಂದು ಗಟ್ಟಿ ಮನೆ ಸಿಕ್ಕರೆ ಸಾಕು. ಲೇಕ್‌ಲ್ಯಾಂಡ್‌ನಲ್ಲಿ ನಿನ್ನ ಷಡ್ಡಕ ಇದ್ದಾನಲ್ಲ, ಈ ರಾತ್ರಿಯೇ ಅವನ ಕಿವಿಗೆ ಹಾಕಿಡು. ಕಾರಿನ ಟ್ಯಾಂಕ್ ತುಂಬಿಸು. ಕರೆಂಟ್ ಹೋದರೆ ಕಾರ್ಡ್ ನಡೆಯುವುದಿಲ್ಲ, ನಗದು ಇರಲಿ. ಅಮ್ಮನ ಬಿ.ಪಿ. ಮಾತ್ರೆ, ಪಾಸ್‌ಪೋರ್ಟ್, ವಿಮೆಯ ಕಾಗದ ಒಂದೇ ಚೀಲದಲ್ಲಿರಲಿ. ವಾಪಸಾದ ಮೇಲೆ ಜನರೇಟರ್ ಹಚ್ಚುವುದಾದರೆ ಅಂಗಳದಲ್ಲಿ, ಕಿಟಕಿಗಳಿಂದ ದೂರ; ಗ್ಯಾರೇಜಿನೊಳಗೆ ಬೇಡವೇ ಬೇಡ. ಬಿರುಗಾಳಿಯಿಂದ ಪಾರಾದವರು ಅದರ ಹೊಗೆಗೆ ಸತ್ತಿದ್ದಾರೆ.

ಇನ್ನು ಅಮ್ಮ. ಅವರು ಜಗ್ಗುವುದಿಲ್ಲ ಎಂದು ನನಗೆ ಗೊತ್ತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವ ಆಗುಂಬೆಯವರು. ‘ನಾವು ಕಾಣದ ಮಳೆಯೇ?’ ಎನ್ನುತ್ತಾರೆ. ಮಳೆಗಲ್ಲ, ಸಮುದ್ರಕ್ಕೆ ಹೆದರಿ ಹೊರಟಿರುವುದು ಎಂದು ಹೇಳಿ ನೋಡು. ಆಗಲೂ ಕೇಳದಿದ್ದರೆ ಫೋನ್ ಹಚ್ಚಿ ಅವರ ಕೈಗೆ ಕೊಡು, ಒಪ್ಪಿಸುವ ಕೆಲಸ ನನ್ನದು. ಇಲ್ಲಿ ನಡುರಾತ್ರಿಯಾದರೂ ಪರವಾಗಿಲ್ಲ.

ನಿನ್ನ ಗೆಳೆಯ,
ಶಿವಮೊಗ್ಗ