ಅದು ಎಸಿ ಅಲ್ಲ ಅಪ್ಪಯ್ಯ

ಟ್ರೊಂಡ್‌ಹೈಮ್, ನಾರ್ವೆ
ಅಕ್ಟೋಬರ್ 19

ಅಪ್ಪಯ್ಯನಿಗೆ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಬರೆದ ಪತ್ರದ ಫೋಟೋ ತೆಗೆದು ತಮ್ಮ ಮೊನ್ನೆ ವಾಟ್ಸಾಪಿಗೆ ಹಾಕಿದ. ಅಡಿಕೆಗೆ ಕೊಳೆ ಔಷಧಿ ಹೊಡೆದಿದ್ದು, ಗಿರಿಜತ್ತೆ ಮನೆ ಸುದ್ದಿ, ಎಲ್ಲ ಓದಿದೆ. ಆದರೆ ಕೊನೆಯ ನಾಲ್ಕು ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಆಯಿಗೆ ಮತ್ತೆ ದಮ್ಮು ಶುರುವಾಗಿದೆ, ರಾತ್ರಿ ಎದ್ದು ಗೋಡೆಗೆ ಒರಗಿ ಕೂರುತ್ತಾಳೆ ಅಂತ ಫೋನಿನಲ್ಲಿ ಯಾರೂ ಹೇಳಲೇ ಇಲ್ಲ. ಕೇಳಿದಾಗೆಲ್ಲ ಆಯಿ "ಎಂತದೂ ಇಲ್ಲೆ" ಅಂತಾಳೆ. ನೀನಾದರೂ ಬರೆದೆಯಲ್ಲ, ಒಳ್ಳೆಯದಾಯಿತು.

ಇಷ್ಟು ದಮ್ಮು ಇರುವವಳನ್ನು ನನ್ನ ಬಾಣಂತನಕ್ಕೆ ಅಂತ ಆ ಚಳಿಗೆ ಕಳಿಸುವುದು ಹೇಗೆ ಅಂತ ಕೇಳಿದ್ದೀಯ. ಚಳಿ ದೇಶದಲ್ಲಿ ಎರಡೂವರೆ ಲಕ್ಷ ಕೊಟ್ಟು ಎಸಿ ಯಾಕೆ ಹಾಕಿಸಿದಿರಿ ಅಂತಲೂ ಕೇಳಿದ್ದೀಯ. ಅಪ್ಪಯ್ಯ, ಅದನ್ನು ಹಾಕಿಸಿದ್ದೇ ಆಯಿಗಾಗಿ. ಮತ್ತೆ ಅದು ಎಸಿ ಅಲ್ಲ. ನೋಡಲು ಹಾಗೇ ಇದೆ, ಆದರೆ ಕೆಲಸ ತಿರುಗಾಮುರುಗಾ. ಇಲ್ಲಿ ಹೀಟ್ ಪಂಪ್ ಅನ್ನುತ್ತಾರೆ. ನಮ್ಮ ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿ ಹತ್ತುತ್ತದಲ್ಲ, ಒಳಗಿನ ಬಿಸಿಯನ್ನು ಎಳೆದು ಹಿಂದೆ ಬಿಡುವುದರಿಂದ ಹಾಗಾಗುತ್ತದೆ. ಇದು ಹೊರಗಿನ ಗಾಳಿಯಿಂದ ಬಿಸಿ ಎಳೆದು ಮನೆಯೊಳಗೆ ಬಿಡುತ್ತದೆ. ಮೈನಸ್ 10 ಇದ್ದರೂ ಗಾಳಿಯಲ್ಲಿ ಎಳೆಯುವಷ್ಟು ಬಿಸಿ ಇರುತ್ತದೆ, ಯಾಕೆಂದರೆ ಹೊರಗಿನ ಪೆಟ್ಟಿಗೆಯಲ್ಲಿ ಓಡುವ ಗ್ಯಾಸ್ ಅದಕ್ಕಿಂತಲೂ ತಣ್ಣಗಿರುತ್ತದೆ. ಸಾದಾ ಹೀಟರಿಗೆ ಒಂದು ಯೂನಿಟ್ ಕರೆಂಟ್ ಕೊಟ್ಟರೆ ಒಂದು ಯೂನಿಟ್ ಬಿಸಿ ಸಿಗುತ್ತದೆ, ಇದರಲ್ಲಿ ಸಣ್ಣ ಚಳಿಗೆ ಹತ್ತಿರ ಹತ್ತಿರ ಮೂರು. ಚಳಿ ಜೋರಾದರೆ ಅದು ಕಡಿಮೆಯಾಗುತ್ತದೆ, ಆದರೂ ಹೀಟರಿಗಿಂತ ಮೇಲು. ಇಲ್ಲಿ ಬಹಳಷ್ಟು ಮನೆಗಳಲ್ಲಿ ಇದೆ, ದೊಡ್ಡಸ್ತಿಕೆಗೆ ಹಾಕಿಸಿದ್ದಲ್ಲ.

ಇಷ್ಟು ದಿನ ನಾವು ಹಾಲ್‌ನಲ್ಲಿ ಕಟ್ಟಿಗೆ ಒಲೆ ಉರಿಸುತ್ತಿದ್ದೆವು. ಗಾಜಿನ ಬಾಗಿಲಿನ ಕಬ್ಬಿಣದ ಒಲೆ, ಹೊಗೆಯೆಲ್ಲ ಚಿಮಣಿಯಲ್ಲೇ ಹೋಗುತ್ತದೆ. ಆದರೂ ಕಟ್ಟಿಗೆ ಹಾಕಲು ಬಾಗಿಲು ತೆಗೆದಾಗ ಒಂದಿಷ್ಟು ಹೊಗೆ ಹೊರಗೆ ಬಂದೇ ಬರುತ್ತದೆ. ಬಚ್ಚಲ ಒಲೆ ಹೊಗೆಗೇ ಆಯಿಗೆ ಎದೆ ಕಟ್ಟುತ್ತದೆ ಅಲ್ವಾ, ಅದನ್ನು ನೆನೆಸಿಕೊಂಡೇ ಈ ಸಲ ಆಯಿ ಇರುವಷ್ಟು ದಿನ ಒಲೆ ಹಚ್ಚುವುದೇ ಬೇಡ ಅಂತ ತೀರ್ಮಾನ ಮಾಡಿದೆವು.

ಕಷ್ಟವಾಗಿದ್ದು ಒಳಗಿನ ಪೆಟ್ಟಿಗೆಗೆ ಜಾಗ ಹುಡುಕುವುದು. ಅದನ್ನು ಕೂರಿಸಲು ಮೊದಲು ಬಂದವನು ಹತ್ತು ನಿಮಿಷ ನೋಡಿ, ಸೋಫಾ ಮೇಲಿನ ಗೋಡೆಗೆ ಎತ್ತರದಲ್ಲಿ ಹಾಕೋಣ, ಹೊರಗಿನ ಪೆಟ್ಟಿಗೆಗೆ ಹತ್ತಿರ, ಪೈಪು ಕಡಿಮೆ ಸಾಕು ಅಂದ. ಅವನಿಗೆ ಅದು ಸುಲಭ. ಆದರೆ ಆ ಸೋಫಾದ ಮುಂದೆಯೇ ಆಯಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚುವುದು. ಎಣ್ಣೆ ಮೈಯ ಮಗುವಿನ ಮೇಲೆ ಇಡೀ ದಿನ ಗಾಳಿ ಬೀಸಿದರೆ ಹೇಗೆ? ಬಿಸಿ ಗಾಳಿಯಾದರೂ ಗಾಳಿ ಗಾಳಿಯೇ. ಮೇಲಿಂದ ಬೀಸಿದ ಬಿಸಿ ಮೇಲೇ ನಿಲ್ಲುತ್ತದೆ ಬೇರೆ, ತಲೆ ಬೆಚ್ಚಗೆ, ಪಾದ ತಣ್ಣಗೆ. ಆಯಿಯ ಮಂಡಿ ನೋವಿಗೆ ಅದು ಸರಿಯಲ್ಲ. ನಾನು ಒಪ್ಪಲಿಲ್ಲ, ಅವನು ಮತ್ತೆ ಬರಲೂ ಇಲ್ಲ.

ಆಮೇಲೆ ಮೆಟ್ಟಿಲ ಹತ್ತಿರ ಇಡೋಣ ಅಂತ ಇವರು ಅಂದರು. ನನಗೆ ನಮ್ಮ ಅಡಿಕೆ ಅಟ್ಟ ನೆನಪಾಯಿತು. ಕೆಳಗೆ ಒಲೆ ಹಾಕಿದರೆ ಬಿಸಿಯೆಲ್ಲ ಅಟ್ಟಕ್ಕೇ ಏರುತ್ತದೆ, ಅದಕ್ಕೇ ಅಲ್ಲವೇ ಮಳೆಗಾಲದಲ್ಲೂ ಅಡಿಕೆ ಒಣಗುವುದು. ನೋಡಿಯೇ ಬಿಡೋಣ ಅಂತ ಊದುಬತ್ತಿ ಹಚ್ಚಿ ಮೆಟ್ಟಿಲ ಬಾಯಲ್ಲಿ ಕೈ ಎತ್ತಿ ಹಿಡಿದೆ. ಹೊಗೆ ಸೀದಾ ಮಹಡಿಗೆ ಹೋಯಿತು. ಕೆಳಗೆ ನೆಲದ ಹತ್ತಿರ ಹಿಡಿದರೆ ಮೇಲಿನ ತಣ್ಣನೆ ಗಾಳಿ ಮೆಟ್ಟಿಲಿಳಿದು ಹೊಗೆಯನ್ನು ಹಾಲ್‌ನೊಳಗೆ ತಳ್ಳಿತು. ಅಲ್ಲಿಟ್ಟರೆ ನಾವು ದುಡ್ಡು ಕೊಟ್ಟು ಮಹಡಿ ಕಾಯಿಸಿದ ಹಾಗೆ. ಇಲ್ಲಿಯವರು ಮಲಗುವ ಕೋಣೆ ತಣ್ಣಗೇ ಇಟ್ಟುಕೊಳ್ಳುತ್ತಾರೆ, ಮಹಡಿಗೆ ಅಷ್ಟು ಬಿಸಿ ಬೇಕಾಗಿಯೂ ಇಲ್ಲ.

ಆಯಿಗೆ ಮೆಟ್ಟಿಲು ಹತ್ತಿಸುವುದಿಲ್ಲ, ಕೆಳಗೇ ಹಾಲ್ ಪಕ್ಕದ ಕೋಣೆ ಕೊಟ್ಟಿದ್ದೇವೆ. ಆ ಕೋಣೆಯ ಬಾಗಿಲಿಗೆ ಎದುರು, ಹಾಲ್‌ನ ಆಚೆ ತುದಿಯ ಹೊರಗೋಡೆಗೆ, ಕಿಟಕಿಯ ಪಕ್ಕ, ನೆಲದ ಹತ್ತಿರ ಕೂರಿಸುವ ಪೆಟ್ಟಿಗೆ ಹಾಕಿಸಿದೆವು. ಅದು ಕೆಳಗಿನಿಂದಲೂ ಬೀಸುತ್ತದೆ, ಮೇಲಿನಿಂದಲೂ ಬೀಸುತ್ತದೆ. ಬಿಸಿ ನೆಲದ ಮೇಲೆ ಹರಿದು, ಹಾಲ್ ದಾಟಿ, ಆಯಿಯ ಕೋಣೆಗೆ ಹೋಗಿ, ಆಮೇಲೆ ಬೇಕಾದರೆ ಮೆಟ್ಟಿಲು ಹತ್ತಲಿ. ಮಂಚವನ್ನು ಬಾಗಿಲಿಂದ ಪಕ್ಕಕ್ಕೆ ಸರಿಸಿದ್ದೇನೆ, ಆಯಿಯ ಮುಖಕ್ಕೆ ಗಾಳಿ ಬಡಿಯುವುದಿಲ್ಲ. ಕಟ್ಟಿಗೆ ಒಲೆಯಿಂದಲೂ ದೂರ ಇದೆ. ಹತ್ತಿರ ಇದ್ದರೆ ಮುಂದೆ ನಾವು ಒಲೆ ಉರಿಸಿದ ದಿನ ಅದರ ಬಿಸಿಗೇ ಮೋಸ ಹೋಗಿ, ಮನೆಯೆಲ್ಲ ಬೆಚ್ಚಗಿದೆ ಅಂದುಕೊಂಡು ಸುಮ್ಮನಾಗಿಬಿಡುತ್ತದೆ. ಅಡುಗೆಮನೆ ಪಕ್ಕವೂ ಬೇಡ ಅಂದೆ, ಒಗ್ಗರಣೆಯ ಎಣ್ಣೆ ಹೊಗೆ ಫಿಲ್ಟರಿಗೆ ಅಂಟುತ್ತದೆ. ಎದುರಿಗಿದ್ದ ಕುರ್ಚಿ ತೆಗೆದೆ, ಪರದೆಯ ಕೆಳಗಿನ ಅಂಚು ಮಡಿಚಿ ಹೊಲಿದೆ.

ಹೊರಗಿನ ಪೆಟ್ಟಿಗೆ ಗೋಡೆಗೆ ನೇತುಹಾಕಿಲ್ಲ. ಇಲ್ಲಿ ಮನೆ ಮರದ್ದು, ಗೋಡೆಯೆಲ್ಲ ಗುಂಯ್ ಅನ್ನುತ್ತದೆ. ಕಬ್ಬಿಣದ ಸ್ಟ್ಯಾಂಡ್ ಮೇಲೆ, ಹಿಮ ಬಿದ್ದರೂ ಮುಚ್ಚದಷ್ಟು ಎತ್ತರದಲ್ಲಿದೆ. ಅದರಿಂದ ನೀರು ತೊಟ್ಟಿಕ್ಕಿ ಗಡ್ಡೆ ಕಟ್ಟುತ್ತದೆ, ಅದಕ್ಕೆ ಓಡಾಡುವ ದಾರಿಯಿಂದ ಆಚೆಗೆ ಇಡಿಸಿದೆವು. ಆಯಿಗೆ ಒಂದು ಮಾತು ಮೊದಲೇ ಹೇಳಿಡು, ಜೋರು ಚಳಿಯಲ್ಲಿ ಅದು ಆಗಾಗ ಕೆಲವು ನಿಮಿಷ ಬಿಸಿ ಬಿಡುವುದನ್ನು ನಿಲ್ಲಿಸುತ್ತದೆ. ಹೊರಗಿನ ಪೆಟ್ಟಿಗೆಗೆ ಕಟ್ಟಿದ ಮಂಜು ಕರಗಿಸಿಕೊಳ್ಳಲು. ಕೆಟ್ಟುಹೋಯಿತು ಅಂತ ಹೆದರುವುದು ಬೇಡ.

ಪೈಪು ಮೂರು ಮೀಟರ್ ಜಾಸ್ತಿ ಹಿಡಿಯಿತು, ಅದಕ್ಕೇ ಖರ್ಚು ಏರಿದ್ದು. ಒಟ್ಟು ಇಲ್ಲಿಯ ದುಡ್ಡಲ್ಲಿ 31,000 ಕ್ರೋನರ್. ಸಾಲ ಮಾಡಿಲ್ಲ ಅಪ್ಪಯ್ಯ, ಅದರ ಚಿಂತೆ ಬಿಡು. ಅಡಿಕೆ ದುಡ್ಡು ಕಳಿಸಲಾ ಅಂತ ಬರೆದಿದ್ದೀಯಲ್ಲ, ಅದು ಖಂಡಿತ ಬೇಡ.

ಈಗ ಹೊರಗೆ 3 ಡಿಗ್ರಿ. ಆಯಿಯ ಕೋಣೆಯಲ್ಲಿ ನೆಲದ ಹತ್ತಿರ ಥರ್ಮಾಮೀಟರ್ ಇಟ್ಟು ನೋಡಿದೆ, 21 ಇದೆ. ಜನವರಿಯಲ್ಲಿ ಕೆಲವು ದಿನ ಮೈನಸ್ 15ಕ್ಕೆ ಇಳಿಯಬಹುದು, ಅದಕ್ಕೆ ಕೋಣೆಯಲ್ಲಿ ಬೇರೆ ಹೀಟರೂ ಇದೆ. ಬಚ್ಚಲ ನೆಲದ ಕೆಳಗೇ ಕರೆಂಟಿನ ವೈರ್ ಹಾಕಿ ಬಿಸಿ ಮಾಡಿರುತ್ತಾರೆ ಗೊತ್ತಾ, ಬರಿಗಾಲಲ್ಲಿ ನಿಂತರೆ ಹಿತವಾಗುತ್ತದೆ. ನಿಜ ಹೇಳಬೇಕೆಂದರೆ ಶಿರಸಿಯ ಆಷಾಢದ ಥಂಡಿಗಿಂತ ಈ ಮನೆಯೊಳಗೆ ಬೆಚ್ಚಗಿದೆ. ಗೋಡೆಗೆ ಬೂಷ್ಟು ಇಲ್ಲ, ಒದ್ದೆ ಬಟ್ಟೆಯ ವಾಸನೆ ಇಲ್ಲ. ಗಾಳಿ ಸ್ವಲ್ಪ ಒಣ, ಗಂಟಲು ಒಣಗಬಹುದು, ಕಷಾಯ ಕುಡಿಯುತ್ತಿದ್ದರಾಯಿತು. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನಾನೇ ತೊಳೆಯುತ್ತೇನೆ, ದೂಳು ನಿಲ್ಲಲು ಬಿಡುವುದಿಲ್ಲ.

ಇನ್ನೊಂದು. ಇಲ್ಲಿಯವರು ಎಳೆ ಮಕ್ಕಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಹಾಕಿ, ಆ ಚಳಿಯಲ್ಲಿ ಮನೆಯ ಹೊರಗೇ ಮಲಗಿಸುತ್ತಾರೆ. ಮಕ್ಕಳು ಗಟ್ಟಿಯಾಗುತ್ತಾರಂತೆ, ಕೆನ್ನೆ ಕೆಂಪಗೆ ಮಾಡಿಕೊಂಡು ಎಷ್ಟು ಚೆಂದ ನಿದ್ದೆ ಮಾಡುತ್ತವೆ. ನಾನು ಹಾಗೆ ಮಾಡುವುದಿಲ್ಲ ಅಂತ ಆಯಿಗೆ ಈಗಲೇ ಹೇಳು, ಇಲ್ಲದಿದ್ದರೆ ಬಂದು ಪಕ್ಕದ ಮನೆಯದನ್ನು ನೋಡಿ ಗಾಬರಿಯಾಗುತ್ತಾಳೆ.

ಆದರೆ ಅಪ್ಪಯ್ಯ, ಈ ವಾರವೇ ಆಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಮುಂದೂಡಬೇಡ. ಪ್ರಯಾಣ ಮಾಡಬಹುದಾ ಅಂತ ಬಾಯಿಬಿಟ್ಟು ಕೇಳು. ಅವರು ಬೇಡ ಅಂದರೆ ಬೇಡ, ನಾನು ಹೇಗೋ ಸುಧಾರಿಸಿಕೊಳ್ಳುತ್ತೇನೆ, ಇವರು ರಜೆ ಹಾಕುತ್ತಾರೆ. ಹೂಂ ಅಂದರೆ ಇನ್‌ಹೇಲರ್ ಎರಡು, ಚೀಟಿ ಸಮೇತ, ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿಗೆ ಹಾಕಬೇಡಿ. ವೀಸಾ 90 ದಿನದ್ದು, ನವೆಂಬರ್ ಕೊನೆಗೆ ಬಂದರೆ ಮಾರಿಕಾಂಬಾ ಜಾತ್ರೆ ಹೊತ್ತಿಗೆ ಊರಲ್ಲಿರುತ್ತಾಳೆ. ಜಾತ್ರೆ ತಪ್ಪುತ್ತದೆ ಅಂತ ಒಳಗೊಳಗೇ ಬೇಜಾರಾಗಿರಬಹುದು, ಅದನ್ನೂ ಹೇಳು.

ಇವರು ಬಂದರು, ಆಸ್ಪತ್ರೆಗೆ ಹೋಗಬೇಕು, ಬರೀ ತಪಾಸಣೆಗೆ, ಬೇರೇನೂ ಇಲ್ಲ. ಡಾಕ್ಟರು ಏನಂದರು ಅಂತ ಅವತ್ತೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ತಮ್ಮನಿಗೆ ಆಮೇಲೆ ಬರೆಯುತ್ತೇನೆ.

ನಿನ್ನ ಮಗಳು