ಆರ್ಸೆನಾಲೆಯ ಬಗ್ಗೆ ಬರೆಯುವ ಮೊದಲು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ವೆನಿಸ್ ಗಣರಾಜ್ಯದ ಹಡಗುಕಟ್ಟೆ ಆರ್ಸೆನಾಲೆಯ ಕೆಲಸಗಾರರನ್ನು ಆರಿಸಿಕೊಂಡದ್ದು ತುಂಬ ಸಂತೋಷ. ಆದರೆ 1574ರಲ್ಲಿ ಫ್ರಾನ್ಸಿನ ದೊರೆ ಮೂರನೇ ಹೆನ್ರಿ ಊಟ ಮುಗಿಸುವಷ್ಟರಲ್ಲಿ ಒಂದು ಗ್ಯಾಲಿ, ಅಂದರೆ ಹುಟ್ಟು ಹಾಕಿ ನಡೆಸುವ ಯುದ್ಧದ ಹಡಗು, ಸಿದ್ಧವಾಯಿತೆಂಬ ಕಥೆಯನ್ನು ಮೊದಲ ಪುಟದಿಂದ ತೆಗೆದುಬಿಡು. ಭಾಗಗಳನ್ನೆಲ್ಲ ಮೊದಲೇ ಅಣಿಮಾಡಿಟ್ಟುಕೊಂಡು ಅತಿಥಿಗೆ ತೋರಿಸಿದ ಪ್ರದರ್ಶನ ಅದು. ದುಡಿದವರ ಬದುಕು ಅದರಲ್ಲಿ ಸಿಗುವುದಿಲ್ಲ.

ಹಲಗೆಗಳ ಸಂದು ಮುಚ್ಚುವ ಕಲಫಾತಿಗಳಿಂದ ಶುರುಮಾಡು. 16ನೇ ಶತಮಾನದಲ್ಲಿ ಗಣರಾಜ್ಯ ಇಟ್ಟುಕೊಂಡ ಗುರಿ 100 ಗ್ಯಾಲಿಗಳ ಮೀಸಲು ಪಡೆ. ಅದರಲ್ಲಿ 25 ನೀರಿನಲ್ಲಿ ಸಜ್ಜಾಗಿರಬೇಕು. ಉಳಿದವು ಸೂರಿನಡಿ, ನೆಲದ ಮೇಲೆ, ಸಂದು ಮುಚ್ಚುವುದೊಂದು ಬಿಟ್ಟು ಒಡಲು ಪೂರ್ತಿಯಾಗಿ ನಿಂತಿರಬೇಕು. ನೀರಿನಲ್ಲೇ ಬಿಟ್ಟರೆ ಹಡಗುಹುಳು ಮರ ಕೊರೆಯುತ್ತದೆ. ನೆಲದ ಮೇಲೆ ಹಲಗೆ ಒಣಗಿ ಕುಗ್ಗುವುದರಿಂದ ಮೊದಲೇ ತುರುಕಿದ ನಾರು ಸಡಿಲವಾಗುತ್ತದೆ. ಹೀಗಾಗಿ ಯುದ್ಧದ ಸುದ್ದಿ ಬಂದಾಗ ಹಡಗುಪಡೆ ಎಷ್ಟು ಬೇಗ ಹೊರಡುತ್ತದೆ ಎಂಬುದು ಕಲಫಾತಿಗಳ ಕೈಯಲ್ಲಿತ್ತು.

ಅವರ ಕೆಲಸವನ್ನು ಬಿಡಿಸಿ ಬರೆ. ಸೆಣಬಿನ ನಾರನ್ನು ದೀಪದ ಬತ್ತಿಯ ಹಾಗೆ ಹೊಸೆದು, ಸಂದಿಗೆ ಇಟ್ಟು, ಮೊಂಡು ಉಳಿಯ ಮೇಲೆ ಕೊಡತಿಯಿಂದ ಬಡಿದು ಇಳಿಸಬೇಕು. ತುಂಬಿದ ಮೇಲೆ ಕುದಿಯುವ ರಾಳ ಬಳಿಯಬೇಕು. ಗ್ಯಾಲಿ ಸುಮಾರು 40 ಮೀಟರ್ ಉದ್ದ, ಅಗಲ 5 ಮೀಟರ್ ಅಷ್ಟೇ. ಅಲೆಯಲ್ಲಿ ಒಡಲು ತಿರುಚಿಕೊಳ್ಳುತ್ತದೆ. ನಾರು ಸಡಿಲವಿದ್ದರೆ ಆಗ ಉದುರಿ ನೀರು ನುಗ್ಗುತ್ತದೆ. ಅತಿಯಾಗಿ ಬಿಗಿದರೆ ಹಲಗೆ ನೀರು ಕುಡಿದು ಉಬ್ಬಿದಾಗ ಮೊಳೆ ಸಡಿಲಾಗುತ್ತದೆ. ಈ ಹದ ಕಲಿಯಲು ವರ್ಷಗಳು ಬೇಕು.

ಇಂಥ ಕೈಗಳನ್ನು ಯುದ್ಧದ ಹೊತ್ತಿಗೆ ಬೀದಿಯಿಂದ ಕರೆತರಲಾದೀತೇ? ಅದಕ್ಕೇ ಆರ್ಸೆನಾಲೆಯ ಪಟ್ಟಿಯಲ್ಲಿ ಹೆಸರಿದ್ದ ನುರಿತ ಕೆಲಸಗಾರ ಬಾಗಿಲಿಗೆ ಬಂದರೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಬಂತು. ಮುದುಕರಾಗಿ ಕೈಲಾಗದವರಿಗೂ ಕೂಲಿ ನಿಲ್ಲಿಸುತ್ತಿರಲಿಲ್ಲ. ಕೂಲಿ ಮಾತ್ರ ಹೊರಗಿನ ಖಾಸಗಿ ಹಡಗುಕಟ್ಟೆಗಳಿಗಿಂತ ಕಡಿಮೆ. ಈ ಕೊಡುಕೊಳ್ಳುವಿಕೆಯೇ ನಿನ್ನ ಪ್ರಬಂಧದ ತಿರುಳಾಗಬೇಕು ಎಂದು ನನ್ನ ಅಭಿಪ್ರಾಯ. ಇದು ತಿಳಿಯದಿದ್ದರೆ ಮುಂದಿನದೆಲ್ಲ ಬರೀ ಕಳ್ಳತನ, ಮೈಗಳ್ಳತನದ ಹಾಗೆ ಕಾಣುತ್ತದೆ. ಬೆಳಗ್ಗೆ ಸಾನ್ ಮಾರ್ಕೊ ಗೋಪುರದ ಮರಂಗೋನಾ ಗಂಟೆ ಬಾರಿಸಿದಾಗ ಹಾಜರಿ ಹಾಕಿಸಿ, ಆಮೇಲೆ ಮೆಲ್ಲಗೆ ಜಾರಿ ಹೊರಗಿನ ಕೆಲಸಕ್ಕೆ ಹೋಗುವವರಿದ್ದರು. ಕೆಲಸದಲ್ಲಿ ಉಳಿದ ತುಂಡು ಮರವನ್ನು ಮನೆಗೆ ಒಯ್ಯುವ ಹಕ್ಕಿತ್ತು. ಒಲೆಗೆ ಸೌದೆ ಬೇಕಲ್ಲ. ಆ ಹೆಸರಿನಲ್ಲಿ ಒಳ್ಳೆಯ ಮರವೂ ನಿಲುವಂಗಿಯೊಳಗೆ ಸೇರಿ ಹೊರಹೋಗುತ್ತಿತ್ತು. ಶನಿವಾರ ಬಟವಾಡೆ, ದಿನವೂ ನೀರು ಬೆರೆಸಿದ ದ್ರಾಕ್ಷಾರಸ ಪುಕ್ಕಟೆ. ಇವನ್ನೆಲ್ಲ ಕೂಲಿಯ ಜೊತೆಗೇ ಲೆಕ್ಕ ಹಾಕು. ಬರೀ ಹಣದ ಅಂಕಿ ನೋಡಿದರೆ ಸಂಸಾರ ಹೇಗೆ ನಡೆಯಿತೆಂದೇ ತಿಳಿಯದು.

ಊರಿನಲ್ಲಿ ಬೆಂಕಿ ಬಿದ್ದರೆ ಆರಿಸಲು ಓಡುತ್ತಿದ್ದವರೂ, ಗಣರಾಜ್ಯದ ಮುಖ್ಯಸ್ಥನಾಗಿ ಆರಿಸಿಬಂದ ಹೊಸ ದೋಜೆಯನ್ನು ಹೆಗಲ ಮೇಲೆ ಹೊತ್ತು ಚೌಕ ಸುತ್ತುತ್ತಿದ್ದವರೂ ಇವರೇ. ಅದು ಬಿಟ್ಟಿ ಚಾಕರಿ ಎಂದು ನೀನು ಬರೆದಿದ್ದೀಯ. ಅವರಿಗೆ ಅದು ಮರ್ಯಾದೆ. ತಿದ್ದಿಕೋ.

ಬಡಗಿಗಳ ಭಾಗ ಸಾಕಷ್ಟಿದೆ. ಒಂದೇ ಮಾತು ಸೇರಿಸು: ಹಡಗಿನ ಪಕ್ಕೆಲುಬುಗಳಿಗೆ ಸಹಜವಾಗಿ ಬಾಗಿ ಬೆಳೆದ ಓಕ್ ಮರವೇ ಬೇಕು, ನೇರ ಮರವನ್ನು ಬಾಗಾಗಿ ಕೊಯ್ದರೆ ಎಳೆ ತುಂಡಾಗಿ ಅಲ್ಲೇ ಮುರಿಯುತ್ತದೆ. ಓಕ್ ಮರಗಳ ಮೊಂತೆಲ್ಲೊ ಕಾಡನ್ನು ಸರ್ಕಾರ ಕಾದಿಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಇನ್ನು ಹೆಂಗಸರು. ಹಾಯಿ ಹೊಲಿಯುತ್ತಿದ್ದವರು ಅವರು, ಬೇರೆಯೇ ಕೋಣೆಯಲ್ಲಿ, ಹೆಂಗಸೊಬ್ಬಳ ಮೇಲ್ವಿಚಾರಣೆಯಲ್ಲಿ. ನಿನ್ನ ಕರಡಿನಲ್ಲಿ ಅವರ ಸುದ್ದಿಯೇ ಇಲ್ಲ. ಕನಿಷ್ಠ ನಾಲ್ಕು ಪುಟ ಅವರಿಗೆ ಕೊಟ್ಟು, ತಿದ್ದಿದ ಕರಡನ್ನು ಮತ್ತೆ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ